ಅಮ್ಮನ ಸಕ್ಕರೆ ಕಾಯಿಲೆಯ ಸಂಶೋಧನೆಗೆ ಸೇರಿ ಅಂತ ನನ್ನ ಫೋನಿಗೆ ಮೆಸೇಜು: ಆಸ್ಪತ್ರೆ ಆ್ಯಪ್‌ನಲ್ಲಿ ಹೀಗೆ ಕೇಳುವುದು ಸರಿಯಾ?

ಆಲೂರಿನ ಮಗ | ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ ಕೇಳಬೇಕು.

ನಮ್ಮಮ್ಮನಿಗೆ 61 ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ ಆಯಿತು. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ತೋರಿಸುತ್ತೇವೆ, ಹೆಸರು ಬೇಡ. ಅವರದ್ದೇ ಒಂದು ಆ್ಯಪ್ ಇದೆ. ರಕ್ತದ ರಿಪೋರ್ಟು, ಮಾತ್ರೆ ಚೀಟಿ, ಮುಂದಿನ ತಾರೀಖು ಎಲ್ಲ ಅದರಲ್ಲೇ ಬರುತ್ತದೆ. ಅಮ್ಮನ ಹತ್ತಿರ ಇರುವುದು ಬಟನ್ ಫೋನು, ಹಾಗಾಗಿ ನನ್ನ ನಂಬರು ಕೊಟ್ಟಿದ್ದೇವೆ.

ಶುಕ್ರವಾರ ಸಂಜೆ ಆ್ಯಪ್‌ನಲ್ಲಿ ಒಂದು ಮೆಸೇಜು ಬಂತು. ಪೂರ್ತಿ ಇಂಗ್ಲಿಷಿನಲ್ಲಿ. ಸಕ್ಕರೆ ಕಾಯಿಲೆಯವರ ಪಾದದ ನರಗಳ ಬಗ್ಗೆ ಒಂದು ಅಧ್ಯಯನ ನಡೆಯುತ್ತಿದೆ, ನಿಮ್ಮ ದಾಖಲೆ ನೋಡಿದರೆ ನೀವು ಅದಕ್ಕೆ ಸೇರಬಹುದು ಅನಿಸುತ್ತದೆ, ಇಷ್ಟ ಇದ್ದರೆ ಒತ್ತಿ ಅಂತ. ಕೆಳಗೆ ಎರಡು ಬಟನ್. ಒಂದು ಹಸಿರು, ಒಂದು ಬೂದು.

ಅಮ್ಮ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದರು. ನಾನು ಕನ್ನಡದಲ್ಲಿ ಹೇಳಿದೆ. ಕೈ ನಿಲ್ಲಿಸಿ ಕೇಳಿದರು, "ನನ್ ಕಾಲು ಜೋಮು ಹಿಡಿಯೋದು ಅವರಿಗೆ ಹೆಂಗೆ ಗೊತ್ತಾಯ್ತು? ನಾನ್ ಡಾಕ್ಟ್ರಿಗೆ ಮಾತ್ರ ಹೇಳಿದ್ದು."

ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ಹೀಗೆ ದಾಖಲೆ ಹುಡುಕಿ ಕರೆಯುವುದು ಸರಿಯಾ? ಒತ್ತಿದರೆ ಏನಾಗುತ್ತದೆ? ಒತ್ತಬೇಕಾದವರು ನಾನಾ, ಅಮ್ಮನಾ?

ಅರಸೀಕೆರೆ ತೆಂಗು | ರಾತ್ರಿ 8:52

ಒತ್ತಬೇಡಿ. ಮೋಸದ ಲಿಂಕು ಇರಬಹುದು. ನಮ್ಮ ಭಾವನಿಗೆ ಹೀಗೇ ಒಂದು ಬಂದು ಬ್ಯಾಂಕಿನ ದುಡ್ಡೇ ಹೋಯಿತು.

ಕಡೂರು ಸಾಫ್ಟ್‌ವೇರ್ | ರಾತ್ರಿ 9:05

ಆ್ಯಪ್ ಒಳಗೇ ಬಂದಿದ್ದರೆ ಮೋಸ ಇರುವ ಸಾಧ್ಯತೆ ಕಡಿಮೆ. ಎಸ್‌ಎಂಎಸ್ ಆಗಿದ್ದರೆ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. 2025ರ ಮೇ ತಿಂಗಳಿಂದ ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ ಅಂತ ಬರುತ್ತದೆ. ಸುಮ್ನೆ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಲಿಂಕು ಬಂದರೆ ಮುಟ್ಟಬೇಡಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಇದರಲ್ಲಿ ತಪ್ಪೇನೂ ಕಾಣುತ್ತಿಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕಾಯಿಲೆ, ವಯಸ್ಸು, ಟೆಸ್ಟಿನ ಅಂಕಿ ಎಲ್ಲ ಇರುತ್ತದೆ. ಐವತ್ತು ದಾಟಿದವರು, ಸಕ್ಕರೆ ಇರುವವರು ಅಂತ ಸೋಸಿದರೆ ಪಟ್ಟಿ ಬರುತ್ತದೆ. ಎಲ್ಲರಿಗೂ ಒಂದೇ ಸಲ ಮೆಸೇಜು. ಕಾಗದ ಅಂಚೆಗೆ ಹಾಕುವುದಕ್ಕಿಂತ, ಒಬ್ಬೊಬ್ಬರಿಗೆ ಫೋನ್ ಮಾಡುವುದಕ್ಕಿಂತ ಎಷ್ಟೋ ಅಗ್ಗ. ಎಷ್ಟೋ ಸಂಶೋಧನೆಗಳು ಜನ ಸಿಗದೆ ಅರ್ಧಕ್ಕೇ ನಿಂತುಹೋಗುತ್ತವೆ.

ಶೃಂಗೇರಿಯಿಂದ ಡೆಟ್ರಾಯಿಟ್ | ರಾತ್ರಿ 9:20

ಇಲ್ಲಿ ಅಮೆರಿಕದಲ್ಲಿ ಇದು ಮಾಮೂಲು. ರೋಗಿಗಳು ತಮ್ಮ ದಾಖಲೆ ನೋಡಿಕೊಳ್ಳುವ ಮೈಚಾರ್ಟ್ ಅಂತ ಒಂದು ಪೋರ್ಟಲ್, ದೊಡ್ಡ ಆಸ್ಪತ್ರೆಗಳಲ್ಲಿ ಬಹಳ ಕಡೆ ಅದೇ. ನನಗೂ ಎರಡು ಸಲ ಬಂದಿದೆ. ಒತ್ತಿದ ತಕ್ಷಣ ಸೇರಿದಂತೆ ಆಗುವುದಿಲ್ಲ. ಅವರು ಫೋನ್ ಮಾಡುತ್ತಾರೆ, ವಿವರಿಸುತ್ತಾರೆ, ಆಮೇಲೆ ಒಪ್ಪಿಗೆ ಪತ್ರ. ಒಂದಕ್ಕೆ ಹೂಂ ಅಂದೆ, ಇನ್ನೊಂದಕ್ಕೆ ಬೇಡ ಅಂದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಇಂಗ್ಲೆಂಡಿನಲ್ಲೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಆ್ಯಪ್ ಮೂಲಕ ಸಂಶೋಧನೆಗೆ ಹೆಸರು ಕೊಡಬಹುದು. ಅಲ್ಲಿ ಜನ ತಾವಾಗಿಯೇ ನೋಂದಣಿ ಮಾಡಿಕೊಳ್ಳುತ್ತಾರೆ. ಅದು ಇನ್ನೂ ಒಳ್ಳೆಯ ಕ್ರಮ ಅಂತ ನನ್ನ ಅಭಿಪ್ರಾಯ.

ಬೇಲೂರು ಟೀಚರ್ | ರಾತ್ರಿ 9:31

ಅಮೆರಿಕ ಇಂಗ್ಲೆಂಡ್ ಬಿಡಿ. ಆಲೂರಿನ ಅಮ್ಮನಿಗೆ ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದ್ದು ಯಾಕೆ? ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕಡೂರು ಸಾಫ್ಟ್‌ವೇರ್ | ರಾತ್ರಿ 9:34

ಅದು ತಪ್ಪೇ ಮೇಡಂ, ಒಪ್ಪುತ್ತೇನೆ.

ಅರಸೀಕೆರೆ ತೆಂಗು | ರಾತ್ರಿ 9:40

ಈ ಆಭಾ ಕಾರ್ಡು ಮಾಡಿಸಿದ್ದರಿಂದಲೇ ಹೀಗೆಲ್ಲ ಆಗುತ್ತಿರುವುದು. ನಮ್ಮ ಕಾಯಿಲೆಯೆಲ್ಲ ದೆಹಲಿಯ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಕಂಪನಿಗಳಿಗೆ.

ಹಾಸನದ ಸಿಸ್ಟರ್ | ರಾತ್ರಿ 10:15

ತೆಂಗಿನ ಅಣ್ಣ, ಅದು ಹಾಗಲ್ಲ. ಆಭಾ ಅಂದರೆ 14 ಅಂಕಿಯ ಒಂದು ಗುರುತಿನ ಸಂಖ್ಯೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ನಿಮ್ಮ ರಿಪೋರ್ಟು ಇರುವುದು ಆಯಾ ಆಸ್ಪತ್ರೆಯಲ್ಲೇ. ಒಂದು ಕಡೆಯಿಂದ ಇನ್ನೊಂದು ಕಡೆ ನೋಡಬೇಕಾದರೆ ನಿಮ್ಮ ಒಪ್ಪಿಗೆ ಕೇಳಬೇಕು. ಓಪಿಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತೆಗೆದುಕೊಂಡ ಮಾತ್ರಕ್ಕೆ ಸಂಶೋಧನೆಗೆ ಒಪ್ಪಿದಂತೆ ಆಗುವುದಿಲ್ಲ. ಇವರಿಗೆ ಬಂದಿರುವುದು ಆಸ್ಪತ್ರೆಯ ಸ್ವಂತ ಆ್ಯಪ್‌ನಿಂದ.

ನಾನು ಆರು ವರ್ಷ ಸಂಶೋಧನೆಯ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದ್ದೇನೆ. ಆ್ಯಪ್ ಎಲ್ಲ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದೆವು ಅಂತ ಹೇಳುತ್ತೇನೆ.

ಬೆಳಿಗ್ಗೆ ಎಂಟೂವರೆಗೆ ಓಪಿಡಿ ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕೈಯಲ್ಲಿ ರಿಜಿಸ್ಟರು, ಒಪ್ಪಿಗೆ ಪತ್ರದ ಕಟ್ಟು. ಡಾಕ್ಟರ್ ಒಳಗಿಂದ "ಇವರನ್ನ ಕೇಳಿ ಸಿಸ್ಟರ್" ಅನ್ನುತ್ತಿದ್ದರು. ಹೊರಗೆ ಬರುವವರು ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಬೆಳಗಿನ ಬಸ್ಸಿಗೆ ಬಂದವರು. ಮೂರು ಗಂಟೆ ಕಾದು, ಹಸಿದು, ಊರಿನ ಬಸ್ಸಿಗೆ ಹೊತ್ತಾಯಿತು ಅಂತ ಗಡಿಯಾರ ನೋಡುತ್ತಿರುವವರು. ಅವರ ಮುಂದೆ ನಾನು ಎಂಟು ಪುಟದ ಕಾಗದ ಹಿಡಿಯಬೇಕು. ಬಹಳ ಜನ ಓದದೇ "ಎಲ್ಲಿ ರುಜು ಹಾಕ್ಬೇಕು ಹೇಳವ್ವ" ಅನ್ನುತ್ತಿದ್ದರು. ಡಾಕ್ಟರು ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ ಅನ್ನುವ ಅಂಜಿಕೆ. ಬೇಡ ಅಂದರೆ ಮುಂದಿನ ಸಲ ಸರಿಯಾಗಿ ನೋಡುತ್ತಾರೋ ಇಲ್ಲವೋ ಅನ್ನುವ ಭಯ. ಒಬ್ಬ ಅಜ್ಜ ರುಜು ಹಾಕಿದ ಮೇಲೆ ನನ್ನ ಕೈ ಹಿಡಿದು, "ಇನ್ನು ಮಾತ್ರೆ ಬಿಟ್ಟಿ ಕೊಡ್ತೀರಲ್ವಾ?" ಅಂತ ಕೇಳಿದರು. ಆ ಅಧ್ಯಯನದಲ್ಲಿ ಮಾತ್ರೆಯೇ ಇರಲಿಲ್ಲ, ಬರೀ ಪ್ರಶ್ನೆ ಕೇಳುವುದು. ಅವತ್ತು ಆ ಕಾಗದ ಹರಿದುಹಾಕಿ ಮತ್ತೆ ಮೊದಲಿನಿಂದ ಹೇಳಿದೆ. ಕೇಳಿಸಿಕೊಂಡು, ಬೇಡ ಅಂತ ಎದ್ದು ಹೋದರು. ಅದು ಸರಿಯಾದ ಉತ್ತರ, ಅವರದ್ದೇ ಉತ್ತರ.

ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಕೂತು ಫೋನಿನಲ್ಲಿ "ಈಗ ಬೇಡ" ಒತ್ತುವುದು ಡಾಕ್ಟರ ಮುಖ ನೋಡಿ ಬೇಡ ಅನ್ನುವುದಕ್ಕಿಂತ ತುಂಬಾ ಸುಲಭ. ಆ ಒಂದು ಕಾರಣಕ್ಕೆ ನನಗೆ ಈ ಪದ್ಧತಿ ಇಷ್ಟ.

ಆದರೆ ಒಂದು ಕ್ರಮ ಇದೆ. ಮೆಸೇಜು ಕಳಿಸಬೇಕಾದ್ದು ಚಿಕಿತ್ಸೆ ಕೊಡುವ ಆಸ್ಪತ್ರೆ. ರೋಗಿ ಹೂಂ ಅನ್ನುವ ತನಕ ಅವರ ಹೆಸರು, ನಂಬರು ಹೊರಗಿನ ಸಂಶೋಧಕರ ಕೈಗೆ ಹೋಗಬಾರದು. ಆ ಮೆಸೇಜಿನ ಒಕ್ಕಣೆಯನ್ನೂ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆ ನ್ಯಾಯವಾಗಿ ಇದೆಯಾ ಅಂತ ನೋಡುವ ಸಮಿತಿ, ನೋಡಿ ಒಪ್ಪಿರಬೇಕು.

ಆಲೂರಿನ ಮಗ | ರಾತ್ರಿ 10:30

ಸಿಸ್ಟರ್, ತುಂಬಾ ಥ್ಯಾಂಕ್ಸ್. ಅಜ್ಜನ ವಿಷಯ ಓದಿ ಅಮ್ಮನಿಗೂ ಹೇಳಿದೆ. "ನಾನೂ ಹಂಗೇ ರುಜು ಹಾಕ್ತಿದ್ದೆ" ಅಂದರು.

ಕೊಪ್ಪದ ಆಶಾ | ಸೋಮವಾರ ಬೆಳಿಗ್ಗೆ 6:10

ಫೋನ್ ಸುಲಭ ಅನ್ನುವುದು ಫೋನ್ ಇರುವವರ ಮಾತು. ನನ್ನ ಕೈಕೆಳಗೆ ಇರುವ ಮನೆಗಳಲ್ಲಿ ಅರ್ಧಕ್ಕರ್ಧ ಹೆಂಗಸರಿಗೆ ಸ್ವಂತ ಸ್ಮಾರ್ಟ್‌ಫೋನ್ ಇಲ್ಲ. ಇದ್ದವರ ಫೋನಿಗೂ ಮನೆಯೊಳಗೆ ಸಿಗ್ನಲ್ ಇಲ್ಲ, ರಸ್ತೆಯ ತಿರುವಿಗೆ ಬಂದು ನಿಲ್ಲಬೇಕು.

ನಮ್ಮ ಕಡೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದದ್ದು, ಈಗ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯೂ ಹೆದರಿಕೆ ತಪ್ಪಿಲ್ಲ. ಉಣ್ಣೆ ಹುಳ ಕಚ್ಚಿ ಬರುವ ಕಾಯಿಲೆ. ಕಾಡಿಗೆ ದರಗು (ಒಣಗಿದ ಎಲೆ), ಸೌದೆ ತರಲು ಹೋಗುವವರಿಗೇ ಹೆಚ್ಚು ಬರುವುದು. ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಬಾಟಲಿ ಹಿಡಿದು ಒಂದೊಂದು ಮನೆ ಹತ್ತುವವರು ನಾವು. ನಾಳೆ ಈ ಕಾಯಿಲೆಯ ಬಗ್ಗೆ ಯಾರೋ ಅಧ್ಯಯನ ಮಾಡುತ್ತಾರೆ, ಆ್ಯಪ್‌ನಲ್ಲಿ ಜನರನ್ನು ಕರೆಯುತ್ತಾರೆ ಅಂತ ಇಟ್ಟುಕೊಳ್ಳಿ. ಯಾರು ಬರುತ್ತಾರೆ? ಪೇಟೆಯಲ್ಲಿ ಇರುವವರು, ಓದಿದವರು. ದರಗು ಹೊರುವವಳು ಆ ಲೆಕ್ಕದಲ್ಲಿ ಇರುವುದೇ ಇಲ್ಲ.

ಶೃಂಗೇರಿಯಿಂದ ಡೆಟ್ರಾಯಿಟ್ | ಬೆಳಿಗ್ಗೆ 6:45

ಅಕ್ಕ ಹೇಳಿದ್ದು ಇಲ್ಲಿನ ಅನುಭವವೂ ಹೌದು. ಪೋರ್ಟಲ್ ಖಾತೆ ಇರುವವರಲ್ಲಿ ಓದಿದವರು, ಅನುಕೂಲಸ್ಥರು, ಬಿಳಿಯರು, ಇಂಗ್ಲಿಷ್ ಬಲ್ಲವರು ಜಾಸ್ತಿ. ಅದರ ಮೂಲಕ ಮಾತ್ರ ಜನರನ್ನು ಸೇರಿಸಿದರೆ ಅಧ್ಯಯನವೂ ಆ ಕಡೆಗೇ ವಾಲುತ್ತದೆ. ಇಲ್ಲಿನ ಸಂಶೋಧಕರೇ ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ.

ಕಡೂರು ಸಾಫ್ಟ್‌ವೇರ್ | ಬೆಳಿಗ್ಗೆ 8:02

ಹಾಗಂತ ಇರುವ ದಾರಿಯನ್ನೂ ಮುಚ್ಚಿಬಿಡೋಣವಾ? ಆ್ಯಪ್‌ನಲ್ಲಿ ಸಿಗುವವರನ್ನು ಆ್ಯಪ್‌ನಲ್ಲಿ ಕೇಳಲಿ, ಉಳಿದವರನ್ನು ಬೇರೆ ರೀತಿ ಹುಡುಕಲಿ.

ಕೊಪ್ಪದ ಆಶಾ | ಬೆಳಿಗ್ಗೆ 8:10

ಉಳಿದವರನ್ನು ಹುಡುಕಲು ದುಡ್ಡು ಇಟ್ಟಿರುತ್ತಾರಾ ತಮ್ಮಾ? ಅಗ್ಗ ಅಂತ ನೀವೇ ಬರೆದಿರಿ. ಅಗ್ಗದ್ದು ಸಿಕ್ಕ ಮೇಲೆ ಬೆಟ್ಟ ಹತ್ತುವವರು ಯಾರು?

ಮೂಡಿಗೆರೆ ಕಾಫಿ | ಬೆಳಿಗ್ಗೆ 8:25

ನೆಟ್‌ವರ್ಕ್ ವಿಷಯ ಬಂತಲ್ಲ, ಕೊಟ್ಟಿಗೆಹಾರದ ಆಚೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಬ್ಯಾಟರಿ ಇಟ್ಟಿದ್ದೇವೆ ಅನ್ನುತ್ತಾರೆ, ಒಂದು ದಿನವೂ ಬರುವುದಿಲ್ಲ.

ಅರಸೀಕೆರೆ ತೆಂಗು | ಬೆಳಿಗ್ಗೆ 8:31

ಕುಯಿಲು ಮುಗಿಯಿತಾ ಸಾರ್? ಆಳು ಸಿಗುತ್ತಿದ್ದಾರಾ?

ಮೂಡಿಗೆರೆ ಕಾಫಿ | ಬೆಳಿಗ್ಗೆ 8:40

ಅರೇಬಿಕಾ ಮುಗಿಯಿತು, ರೋಬಸ್ಟಾ ನಡೆಯುತ್ತಿದೆ. ಆಳಿನದೇ ಕಷ್ಟ. ಅದಕ್ಕೂ ಈ ಚರ್ಚೆಗೂ ಸಂಬಂಧ ಇದೆ ನೋಡಿ. ನಮ್ಮ ತೋಟದ ಆಳುಗಳ ಲೈನ್ ಮನೆಗಳಲ್ಲಿ ಬೇರೆ ರಾಜ್ಯದವರೂ ಇದ್ದಾರೆ. ಗಿಡಗಳಿಗೆ ಔಷಧಿ ಹೊಡೆಯುವವರು ಅವರೇ. ಅವರ ಶ್ವಾಸಕೋಶ, ಚರ್ಮದ ಬಗ್ಗೆ ಯಾರಾದರೂ ನೋಡಲೇಬೇಕು. ಅವರ ಹೆಸರಿನಲ್ಲಿ ಯಾವ ಆಸ್ಪತ್ರೆಯ ಆ್ಯಪ್ಪೂ ಇಲ್ಲ. ಆಶಾ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ವಕೀಲ, ಚಿಕ್ಕಮಗಳೂರು | ಬೆಳಿಗ್ಗೆ 9:50

ಕಾನೂನಿನ ಕಡೆಯಿಂದ ಕೆಲವು ಮಾತು.

ಔಷಧದ ಪ್ರಯೋಗ ಆಗಿದ್ದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯ. ಪ್ರಯೋಗದಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು. ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧ ಇಲ್ಲದವರು ಆಗಿರಬೇಕು. ವೈದ್ಯಕೀಯಕ್ಕೆ ಸೇರದ ಸಾಮಾನ್ಯ ಪ್ರಜೆ ಒಬ್ಬರು ಇರಲೇಬೇಕು. ಇಂಥ ಪ್ರಯೋಗಗಳನ್ನು ಸಿಟಿಆರ್‌ಐ ಅನ್ನುವ ದೇಶದ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್ 15ರಿಂದ ಕಡ್ಡಾಯ. ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಔಷಧ ಇಲ್ಲದ ಅಧ್ಯಯನಕ್ಕೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ.

ಖಾಸಗಿ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಪೂರ್ತಿ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟರು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಅವಕಾಶ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಟೀಚರ್ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಕನ್ನಡ ಕೇಳುವುದು ನಮ್ಮ ಹಕ್ಕು.

ಬಟನ್ ಯಾರು ಒತ್ತಬೇಕು ಅಂತ ಕೇಳಿದ್ದೀರಿ. ತಾಯಿಯವರಿಗೆ ತಿಳಿವಳಿಕೆ ಚೆನ್ನಾಗಿದೆ ಅಂದರೆ ಅವರದೇ ನಿರ್ಧಾರ. ಮಗನ ನಂಬರು ಅಂದ ಮಾತ್ರಕ್ಕೆ ಮಗನ ಒಪ್ಪಿಗೆ ನಡೆಯುವುದಿಲ್ಲ. 2009-10ರಲ್ಲಿ ಆಗ ಆಂಧ್ರದಲ್ಲಿದ್ದ ಖಮ್ಮಂನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆಗೆ ರುಜು ಹಾಕಿದ್ದರು. ಅದು ಸಂಸತ್ತಿನ ಸಮಿತಿಯವರೆಗೂ ಹೋಯಿತು. ಒಬ್ಬರ ದೇಹಕ್ಕೆ ಇನ್ನೊಬ್ಬರು ಹೂಂ ಅನ್ನುವ ಅಭ್ಯಾಸ ನಮ್ಮಲ್ಲಿ ಹಳೆಯದು, ಅದು ಹೋಗಬೇಕು.

ಹಾಸನದ ಸಿಸ್ಟರ್ | ಬೆಳಿಗ್ಗೆ 10:20

ನಂಬರಿನ ವಿಷಯ ವಕೀಲರು ಎತ್ತಿದ್ದು ಒಳ್ಳೆಯದಾಯಿತು. ಒಂದು ಮನೆಗೆ ಒಂದೇ ನಂಬರು ಇರುವ ಊರು ನಮ್ಮದು. ನಾನು ನೋಡಿದ ಒಂದು ಘಟನೆ. ಒಬ್ಬ ಹುಡುಗಿಯ ಚಿಕಿತ್ಸೆಯ ಮೆಸೇಜು ಕಾಯಿಲೆಯ ಹೆಸರಿನ ಸಮೇತ ಅವಳ ಅಣ್ಣನ ಫೋನಿಗೆ ಹೋಯಿತು. ಮನೆಯಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ. ಆಮೇಲೆ ಅವಳು ಆಸ್ಪತ್ರೆಗೆ ಬರುವುದನ್ನೇ ಬಿಟ್ಟಳು. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಫೋನಿನ ಮೇಲೆ ಕಾಣುವ ಸಾಲಿನಲ್ಲಿ ಕಾಯಿಲೆಯ ಹೆಸರು ಬರಲೇಬಾರದು. "ಆಸ್ಪತ್ರೆಯಿಂದ ಒಂದು ಮೆಸೇಜು ಇದೆ" ಅಂತ ಮಾತ್ರ ಬರಬೇಕು. ಉಳಿದದ್ದು ಪಾಸ್‌ವರ್ಡ್ ಹಾಕಿದ ಮೇಲೆ.

ಬೇಲೂರು ಟೀಚರ್ | ಬೆಳಿಗ್ಗೆ 10:28

ಪಾಪ ಆ ಹುಡುಗಿ.

ಅರಸೀಕೆರೆ ತೆಂಗು | ಬೆಳಿಗ್ಗೆ 11:00

ನನ್ನದು ಇನ್ನೂ ಒಂದೇ ಪ್ರಶ್ನೆ. ಇದರಿಂದ ನಮಗೇನು ಲಾಭ? ರಕ್ತ ನಮ್ಮದು, ಬಸ್ ಚಾರ್ಜು ನಮ್ಮದು, ಹೆಸರು ಡಾಕ್ಟರದ್ದು.

ಪಿಎಚ್‌ಸಿ ಡಾಕ್ಟರ್ | ಮಧ್ಯಾಹ್ನ 1:35

ಬಸ್ ಚಾರ್ಜು ಅವರೇ ಕೊಡಬೇಕು ಸಾರ್, ಕೇಳಿ ಪಡೆಯಿರಿ. ಲಾಭದ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನು ಹೇಳುತ್ತೇನೆ.

2025ರ ಜೂನ್, ಜುಲೈ ನೆನಪಿದೆಯಾ? ಹಾಸನದಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತ ಅಂತ ದಿನಾ ಸುದ್ದಿ. ಮೈಸೂರಿನ ಜಯದೇವಕ್ಕೆ ಜನ ನಸುಕಿನಿಂದಲೇ ಸಾಲು ನಿಂತರು. ನನ್ನ ಓಪಿಡಿಯಲ್ಲಿ ಇಪ್ಪತ್ತೈದು ವರ್ಷದ ಹುಡುಗರು ಎದೆ ಹಿಡಿದುಕೊಂಡು ಬರುತ್ತಿದ್ದರು. ಎಷ್ಟೋ ಜನಕ್ಕೆ ಇದ್ದದ್ದು ಗ್ಯಾಸು ಮತ್ತು ಹೆದರಿಕೆ. ಲಸಿಕೆಯಿಂದ ಅಂತ ಒಬ್ಬರು, ನೀರಿನಿಂದ ಅಂತ ಇನ್ನೊಬ್ಬರು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವು ದಿಢೀರ್ ಏರಿಲ್ಲ ಅಂತ ವರದಿ ಬಂತು. ಜನ ನಂಬಿದರಾ? ಅರ್ಧ ಜನ ನಂಬಲಿಲ್ಲ.

ನಮ್ಮ ಜಿಲ್ಲೆಯ ಆರೋಗ್ಯವಂತರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ ಬರೆದಿಟ್ಟ ಲೆಕ್ಕ ಇದ್ದಿದ್ದರೆ ಅವತ್ತು ನಾನು ಆ ಹುಡುಗರ ಮುಂದೆ ಅದನ್ನು ಇಡುತ್ತಿದ್ದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಲ್ಲಿ ಶುರು ಮಾಡಿ 5,209 ಜನರನ್ನು ವರ್ಷಗಟ್ಟಲೆ ನೋಡಿದರು. ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು ಹೃದಯಕ್ಕೆ ಕೆಡುಕು ಅಂತ ಇವತ್ತು ನಾನು ನಿಮಗೆ ಧೈರ್ಯವಾಗಿ ಹೇಳುವುದು ಆ ಊರಿನವರ ದಯೆಯಿಂದ. ಅವರಿಗೆ ಏನು ಲಾಭ ಆಯಿತು ಅಂತ ಕೇಳಿದರೆ ನನಗೂ ಹೇಳುವುದು ಕಷ್ಟ. ನಮಗೆ ಆಗಿದೆ.

ನಮ್ಮ ರಾಜ್ಯದಲ್ಲೇ ಕೋಲಾರದ ಶ್ರೀನಿವಾಸಪುರದಲ್ಲಿ ವಯಸ್ಸಾದವರ ಮೆದುಳಿನ ಬಗ್ಗೆ ದೊಡ್ಡ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರದ್ದು. ಹಳ್ಳಿಗಳಿಗೇ ಹೋಗಿ ಜನರ ಜೊತೆ ಮಾತಾಡಿ ಸೇರಿಸಿಕೊಂಡರು. ಆಶಾ ಅಕ್ಕ ಹೇಳಿದ ದಾರಿ ಇದು. ದುಬಾರಿ, ನಿಧಾನ. ಆದರೆ ಆಗುತ್ತದೆ.

ಅರಸೀಕೆರೆ ತೆಂಗು | ಮಧ್ಯಾಹ್ನ 2:10

ಸರಿ ಡಾಕ್ಟ್ರೇ, ಇದು ಅರ್ಥವಾಯಿತು. ಆದರೆ ರಿಸಲ್ಟು ನಮಗೂ ಹೇಳಬೇಕು. ಒಂದು ಸಲ ರಕ್ತ ಕೊಟ್ಟ ಮೇಲೆ ಆ ಕಡೆಯಿಂದ ಸುದ್ದಿಯೇ ಇರುವುದಿಲ್ಲ.

ಪಿಎಚ್‌ಸಿ ಡಾಕ್ಟರ್ | ಮಧ್ಯಾಹ್ನ 2:14

ಆ ಮಾತಿಗೆ ನಾವು ತಲೆ ತಗ್ಗಿಸಬೇಕು. ನಿಜ.

ಕಡೂರು ಸಾಫ್ಟ್‌ವೇರ್ | ಮಧ್ಯಾಹ್ನ 2:40

ಅದನ್ನು ಇದೇ ಆ್ಯಪ್‌ನಲ್ಲಿ ಮಾಡಬಹುದಲ್ಲ! ಕರೆಯಲು ಬಳಸಿದ ದಾರಿಯಲ್ಲೇ ಉತ್ತರವನ್ನೂ ಕಳಿಸಲಿ. ಓದಲು ಬಾರದವರಿಗೆ ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡಿದ ಎರಡು ನಿಮಿಷದ ಧ್ವನಿ ಸಾಕು. ನಿನ್ನೆ ನಾನು ಅಗ್ಗ ಅಂತ ಬರೆದದ್ದು ಸರಿಯಾಗಲಿಲ್ಲ ಅಕ್ಕಾ. ಉಳಿದ ದುಡ್ಡನ್ನು ಬೆಟ್ಟ ಹತ್ತುವುದಕ್ಕೆ ಇಡಿ ಅಂತ ಬರೆಯಬೇಕಿತ್ತು.

ಕೊಪ್ಪದ ಆಶಾ | ಸಂಜೆ 5:30

ಈಗ ಸರಿ ಹೇಳಿದಿರಿ. ಹತ್ತುವವರ ಗೌರವಧನವನ್ನೂ ಅದರಲ್ಲಿ ಸೇರಿಸಿ.

ಆಲೂರಿನ ಮಗ | ಬುಧವಾರ ರಾತ್ರಿ 9:15

ಎಲ್ಲರಿಗೂ ಮತ್ತೆ ನಮಸ್ಕಾರ. ಇವತ್ತು ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಬಟನ್ ಒತ್ತಲಿಲ್ಲ, ನೇರವಾಗಿ ಹೋಗಿ ಕೇಳಿದೆವು. ಇಲ್ಲಿ ನೀವು ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ.

ಕೋಆರ್ಡಿನೇಟರ್ ಹುಡುಗಿ ಒಬ್ಬಳು ಬಂದಳು. ಎಥಿಕ್ಸ್ ಕಮಿಟಿಯ ಪತ್ರ ತೋರಿಸಿದಳು. ಅಮ್ಮನ ಹೆಸರು ಹೊರಗೆ ಹೋಗಿಲ್ಲ, ಪಟ್ಟಿ ಮಾಡಿದ್ದು ಆಸ್ಪತ್ರೆಯವರೇ ಅಂದಳು. ಕನ್ನಡದ ಕಾಗದ ಇದೆಯಾ ಅಂತ ಕೇಳಿದರೆ ಇತ್ತು! ನಾಲ್ಕು ಪುಟ, ಒಳ್ಳೆಯ ಕನ್ನಡವೇ. ಆ್ಯಪ್‌ಗೆ ಅದನ್ನು ಹಾಕಿರಲಿಲ್ಲ, ಅಷ್ಟೇ. ಹಾಕಿ ಅಂತ ಬರೆದುಕೊಟ್ಟು ಬಂದಿದ್ದೇನೆ.

ಆಮೇಲೆ ಅವಳು ಅಮ್ಮನಿಗೆ ಪರೀಕ್ಷೆ ಹೇಗೆ ಅಂತ ತೋರಿಸಿದಳು. ಪೆನ್ನಿನಂಥ ಹಿಡಿಕೆ, ತುದಿಯಲ್ಲಿ ಮೀನು ಹಿಡಿಯುವ ದಾರದಂಥ ಒಂದು ಎಳೆ. ಅದು ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುತ್ತದಂತೆ. ಮೊದಲು ಅಮ್ಮನ ಕೈಗೆ ಮುಟ್ಟಿಸಿ, "ಗೊತ್ತಾಗುತ್ತಾ ಅಮ್ಮಾ?" ಅಂದಳು. ಗೊತ್ತಾಯಿತು. ಆಮೇಲೆ ಅಮ್ಮ ತಾವೇ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿ, ಕಣ್ಣು ಮುಚ್ಚಿದರು. ಹೆಬ್ಬೆರಳಿನ ಕೆಳಗೆ ಮುಟ್ಟಿಸಿದಳು. ಅಮ್ಮ ಕಾಯುತ್ತಲೇ ಇದ್ದರು. "ಇನ್ನೂ ಮುಟ್ಟಿಸ್ಲಿಲ್ವಾ ಮಗಾ?" ಅಂತ ಕೇಳಿದರು. ನಾನು ಎದುರಿಗೇ ನಿಂತು ನೋಡುತ್ತಿದ್ದೆ. ಎಳೆ ಬಾಗಿತ್ತು.

ಹನ್ನೊಂದು ವರ್ಷದಲ್ಲಿ ಯಾರೂ ಈ ಪರೀಕ್ಷೆ ಮಾಡಿರಲಿಲ್ಲ. ನಾನೂ ಅಮ್ಮನ ಪಾದ ನೋಡಿರಲಿಲ್ಲ. ಅವಳೇ ಹೋಗಿ ಡಾಕ್ಟರಿಗೆ ಹೇಳಿದಳು, ಅಧ್ಯಯನಕ್ಕೆ ಸೇರಿದರೂ ಬಿಟ್ಟರೂ ಚಿಕಿತ್ಸೆ ಶುರು ಮಾಡುತ್ತಾರೆ.

ಮನೆಗೆ ಬಂದು ಕಾಗದವನ್ನು ಓದಿ ಹೇಳಿದೆ. "ಯಾವಾಗ ಬೇಕಾದರೂ, ಕಾರಣ ಹೇಳದೆ ಬಿಡಬಹುದು" ಅನ್ನುವ ಸಾಲನ್ನು ಅಮ್ಮ ಎರಡು ಸಲ ಓದಿಸಿದರು. ಸೇರುತ್ತೇನೆ ಅಂತ ಹೇಳಿದ್ದಾರೆ. ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಂತೆ.

ಬೇಲೂರು ಟೀಚರ್ | ರಾತ್ರಿ 9:22

ಓದಿ ಕಣ್ಣು ತುಂಬಿತು. ನಮ್ಮತ್ತೆಯ ಪಾದವನ್ನೂ ನಾಳೆಯೇ ನೋಡುತ್ತೇನೆ.

ಹಾಸನದ ಸಿಸ್ಟರ್ | ರಾತ್ರಿ 9:30

ಅಮ್ಮನಿಗೆ ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ ಅಂತ ಹೇಳಿ. ದಿನಾ ರಾತ್ರಿ ಬೆರಳ ಸಂದಿ, ಅಂಗಾಲು ನೋಡಿ, ಗಾಯ ಇದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಬಿಸಿನೀರು ಕಾಲಿಗೆ ಹಾಕುವ ಮೊದಲು ನೀವು ಮೊಣಕೈ ಮುಟ್ಟಿಸಿ ನೋಡಿ.

ಶನಿವಾರ ಬೆಳಿಗ್ಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳಬೇಕಾ ಬೇಡವಾ ಅಂತ ಶುಕ್ರವಾರವೇ ಫೋನ್ ಮಾಡಿ ಕೇಳಿ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಬಸ್ಸು ಹತ್ತಿದರೆ ದಾರಿಯಲ್ಲೇ ಸಕ್ಕರೆ ಇಳಿಯಬಹುದು. ರಕ್ತ ತೆಗೆದ ತಕ್ಷಣ ತಿನ್ನಲು ತಿಂಡಿ ಡಬ್ಬಿ ಜೊತೆಗೇ ಇರಲಿ.

ಆಲೂರಿನ ಮಗ | ರಾತ್ರಿ 9:33

ಆಯಿತು ಸಿಸ್ಟರ್. ಅಕ್ಕಿ ರೊಟ್ಟಿ, ಅವರೆಕಾಳು ಪಲ್ಯ ಕಟ್ಟಿಕೊಳ್ಳುತ್ತೇವೆ ಅಂತ ಅಮ್ಮ ಈಗಲೇ ಹೇಳಿಯಾಗಿದೆ. ಆ ಕೋಆರ್ಡಿನೇಟರ್ ಹುಡುಗಿಗೂ ಒಂದು ಡಬ್ಬಿ.